ಬೆಳಗಿನ ಜಾವದ ನಾತ: ಮಂಗಳೂರಿನ ಒಂದು ಬಡಾವಣೆಯ ಪ್ರಕರಣ

ಇದು ನಾನು ವಾಸ ಇರುವ ಬಡಾವಣೆಯಲ್ಲೇ ನಡೆದದ್ದು. ಊರು ಮಂಗಳೂರು. ಅದಕ್ಕಿಂತ ಜಾಸ್ತಿ ಗುರುತು ಹೇಳುವುದಿಲ್ಲ. ಜನರ ಹೆಸರಿಲ್ಲ, ಕಚೇರಿಯ ಹೆಸರಿಲ್ಲ, ಪತ್ತೆ ಹಚ್ಚಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ವಾಸನೆಯ ತೊಂದರೆ ಅನುಭವಿಸುತ್ತಿರುವ ಬೇರೆ ಕಡೆಯವರಿಗೆ, ಅಂಥ ದೂರು ಬಂದಾಗ ಎಲ್ಲಿಂದ ಶುರು ಮಾಡುವುದೆಂದು ತೋಚದ ಎಂಜಿನಿಯರುಗಳಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ಆದರೂ ಮೊದಲ ಎರಡು ತಿಂಗಳು ಎಲ್ಲರ ಹಾಗೆ ನಾನೂ ತಪ್ಪು ದಿಕ್ಕಿಗೇ ಬೆರಳು ತೋರಿಸಿದ್ದೆ. ಅದನ್ನೂ ಮುಚ್ಚಿಡದೆ ಬರೆಯಬೇಕು.

ಜಾಗ ಮತ್ತು ಜನ

ಎರಡು ಗುಡ್ಡಗಳ ನಡುವೆ ಒಂದು ತೋಡು. ಪೂರ್ವದಿಂದ ಪಶ್ಚಿಮಕ್ಕೆ ಹರಿದು ಹೊಳೆ ಸೇರುತ್ತದೆ. ತೋಡಿನ ಬದಿಯಲ್ಲಿ ಸುಮಾರು 60 ಮನೆ. ಹಳೆಯ ಹಂಚಿನ ಮನೆಗಳು, ತಾರಸಿ ಮನೆಗಳು, ನಾಲ್ಕು ಮಾಳಿಗೆಯ ಒಂದು ಅಪಾರ್ಟ್‌ಮೆಂಟ್. ಪಶ್ಚಿಮದ ತುದಿಯಲ್ಲಿ, ಹೊಳೆಗೆ ಹತ್ತಿರ, ಒಂದು ಮೀನಿನ ಶೆಡ್. ದಕ್ಕೆಯಿಂದ (ಮೀನಿನ ಬಂದರಿನಿಂದ) ಬರುವ ಬೂತಾಯಿ, ಬಂಗುಡೆ ವಿಂಗಡಿಸುವುದು, ಕ್ರೇಟ್ ತೊಳೆಯುವುದು, ಬಿಸಿಲು ಕಾಲದಲ್ಲಿ ಮೀನು ಒಣಗಿಸುವುದು ಅಲ್ಲಿನ ಕೆಲಸ. ನಡೆಸುವವರು ಐವತ್ತೈದು ದಾಟಿದ ಒಬ್ಬ ಹೆಂಗಸು. ಜೊತೆಗೆ ಕೆಲಸಕ್ಕೆ ನಾಲ್ಕು ಜನ. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಾರೆ. ಇಲ್ಲಿ ನಾನೂ ಹಾಗೇ ಬರೆಯುತ್ತೇನೆ.

ಪೂರ್ವದ ಗುಡ್ಡದ ಮೇಲೆ ಒಂದು ರಸ್ತೆ, ಒಂದು ಅಶ್ವತ್ಥ ಕಟ್ಟೆ, ಒಂದಷ್ಟು ಗೇರು ಮರ. ಅಲ್ಲಿ ಬೇರೇನೂ ಇಲ್ಲ ಎಂದು ನಾವೆಲ್ಲ ತಿಳಿದಿದ್ದೆವು.

ತೊಂದರೆ

ಹಿಂದಿನ ವರ್ಷವೂ ಇದ್ದ ನಾತ ಆ ಸಲ ನವೆಂಬರ್ ಕೊನೆಗೆ ಜೋರಾಗಿ ಶುರುವಾಯಿತು. ಬೆಳಗಿನ ಜಾವ ನಿದ್ದೆಯಿಂದ ಎಬ್ಬಿಸುವ ನಾತ. ಕೊಳೆತ ಮೊಟ್ಟೆ, ಅದರ ಜೊತೆಗೆ ಹಳಸಿದ ಏನೋ ಒಂದು. ಎದ್ದು ಕಿಟಕಿ ಹಾಕುವಷ್ಟರಲ್ಲಿ ಕೋಣೆ ತುಂಬಿರುತ್ತಿತ್ತು. ಕೆಲವರಿಗೆ ತಲೆನೋವು, ಕೆಲವರಿಗೆ ಹೊಟ್ಟೆ ತೊಳಸುವುದು. ನನ್ನ ಪಕ್ಕದ ಮನೆಯ ಗರ್ಭಿಣಿ ಹುಡುಗಿ ಬೆಳಗಿನ ಕಾಫಿ ಕುಡಿಯುವುದನ್ನೇ ಬಿಟ್ಟಳು. ಏಳೂವರೆ ಹೊತ್ತಿಗೆ ವಾಸನೆ ಹೋಗುತ್ತಿತ್ತು. ರಾತ್ರಿ ಒಂಬತ್ತರ ಮೇಲೆ ಮತ್ತೆ ಸ್ವಲ್ಪ ಬರುತ್ತಿತ್ತು.

ಬರೀ ವಾಸನೆ ಅಲ್ವಾ, ಅದರಿಂದ ಆರೋಗ್ಯಕ್ಕೆ ಏನಾಗುತ್ತದೆ ಎಂದು ತುಂಬ ಜನ ಕೇಳುತ್ತಾರೆ. ನಾನೇ ಕೇಳಿದ್ದೆ. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ನೂರು ಕೋಟಿ ಪಾಲು ಗಾಳಿಯಲ್ಲಿ ಅದು ಕೆಲವೇ ಪಾಲು ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಎರಡು ಮಿತಿ ಹೇಳಿದೆ. ದೇಹಕ್ಕೆ ಹಾನಿ ಆಗದಿರಲು 24 ಗಂಟೆಯ ಸರಾಸರಿ ಘನ ಮೀಟರಿಗೆ 150 ಮೈಕ್ರೋಗ್ರಾಂ. ಜನರಿಗೆ ವಾಸನೆಯ ಕಿರಿಕಿರಿ ಆಗದಿರಲು ಅರ್ಧ ಗಂಟೆಯ ಸರಾಸರಿ 7 ಮೈಕ್ರೋಗ್ರಾಂ. ಎರಡರ ನಡುವೆ ಇಪ್ಪತ್ತು ಪಟ್ಟಿಗಿಂತ ಜಾಸ್ತಿ ಅಂತರ. ಈ ಅಂತರದಲ್ಲೇ ನಮ್ಮಂಥವರು ಸಿಕ್ಕಿಹಾಕಿಕೊಳ್ಳುವುದು. ವಿಷ ಎನ್ನುವಷ್ಟು ಇರುವುದಿಲ್ಲ, ನೆಮ್ಮದಿಯಾಗಿ ಮಲಗುವ ಹಾಗೂ ಇರುವುದಿಲ್ಲ. ದಿನಾ ನಿದ್ದೆ ಕೆಟ್ಟರೆ ತಲೆನೋವು ಬರುತ್ತದೆ, ವಾಕರಿಕೆ ಬರುತ್ತದೆ, ಮನೆಯಲ್ಲಿ ಸುಮ್ನೆ ಸಿಡುಕು ಹುಟ್ಟುತ್ತದೆ. ಇದು ಮನಸ್ಸಿನ ಭ್ರಮೆ ಅಲ್ಲ.

ಇನ್ನೊಂದು ತೊಂದರೆ ನಾವೇ ತಂದುಕೊಂಡದ್ದು. ನಾತ ತಡೆಯಲು ಎಲ್ಲರೂ ಕಿಟಕಿ ಮುಚ್ಚಿದರು. ಒಳಗೆ ಊದುಬತ್ತಿ, ಸಾಂಬ್ರಾಣಿ, ಸೊಳ್ಳೆ ಕಾಯಿಲ್. ಅಪಾರ್ಟ್‌ಮೆಂಟಿನ ಒಂದು ಮನೆಯಲ್ಲಿ ಉಬ್ಬಸ ಇರುವ ಎಂಟು ವರ್ಷದ ಮಗು ಇತ್ತು. ಮಗುವಿನ ಇನ್‌ಹೇಲರ್ ಬಳಕೆ ಜಾಸ್ತಿ ಆಗಿದೆ ಎಂದು ತಾಯಿ ಹೇಳಿದಾಗ ಕಾಲೇಜಿನ ಒಂದು ಸಣ್ಣ ಮೀಟರ್ ತಂದು ಅವರ ಕೋಣೆಯಲ್ಲಿ ಇಟ್ಟೆ. ನಮ್ಮ ದೇಶದಲ್ಲಿ ಪಿಎಂ 2.5 ಎಂಬ ಸಣ್ಣ ಕಣಗಳಿಗೆ 24 ಗಂಟೆಯ ಮಿತಿ 60 ಮೈಕ್ರೋಗ್ರಾಂ. ಕಿಟಕಿ ಮುಚ್ಚಿ ಕಾಯಿಲ್ ಹಚ್ಚಿದ ರಾತ್ರಿ ಮೀಟರಿನ ಅಂಕಿ ಅದಕ್ಕಿಂತ ಎಷ್ಟೋ ಮೇಲೆ ನಿಂತಿತ್ತು. ಹೊರಗಿನ ಗಾಳಿ ಅದಕ್ಕಿಂತ ಚೆನ್ನಾಗಿತ್ತು. ವಾಸನೆ ಮಗುವಿಗೆ ನೇರವಾಗಿ ಎಷ್ಟು ತೊಂದರೆ ಮಾಡಿತೋ ಹೇಳಲಾರೆ. ಅದನ್ನು ಓಡಿಸಲು ಹಚ್ಚಿದ ಹೊಗೆ ಮಾತ್ರ ಖಂಡಿತ ಒಳ್ಳೆಯದು ಮಾಡಲಿಲ್ಲ. ಆ ದಿನದಿಂದ ಆ ಮನೆಯಲ್ಲಿ ಕಾಯಿಲ್ ನಿಂತಿತು, ಸೊಳ್ಳೆ ಪರದೆ ಬಂತು.

ಮೊದಲು ಮಾಡಿದ್ದು

ಮೊದಲ ದೂರು ಒಳಚರಂಡಿ ನೋಡಿಕೊಳ್ಳುವ ಕಚೇರಿಗೆ ಹೋಯಿತು. ಹತ್ತು ದಿನದ ಮೇಲೆ ಒಬ್ಬರು ಬಂದರು. ಬಂದದ್ದು ಬೆಳಿಗ್ಗೆ ಹನ್ನೊಂದೂವರೆಗೆ. ತೋಡಿನ ಬದಿಯಲ್ಲಿ ನಡೆದು ನೋಡಿದರು, ಎರಡು ಮ್ಯಾನ್‌ಹೋಲ್ ನೋಡಿದರು. ವಾಸನೆ ಇರಲಿಲ್ಲ. "ಸ್ಥಳ ಪರಿಶೀಲಿಸಲಾಗಿದೆ, ದುರ್ವಾಸನೆ ಕಂಡುಬಂದಿಲ್ಲ" ಎಂದು ಬರೆದು ದೂರು ಮುಗಿಸಿದರು. ಅವರು ಸುಳ್ಳು ಬರೆಯಲಿಲ್ಲ. ಹನ್ನೊಂದೂವರೆಗೆ ನಿಜವಾಗಿಯೂ ವಾಸನೆ ಇರಲಿಲ್ಲ. ವಾಸನೆಯ ಗಂಟೆ ಯಾವುದು ಎಂದು ದೂರಿನಲ್ಲಿ ನಾವು ಬರೆದಿರಲಿಲ್ಲ, ಅವರು ಕೇಳಿರಲಿಲ್ಲ.

ಎರಡನೇ ಸಲ ಬರೆದಾಗ, ನಗರದ ಗಾಳಿಯ ಗುಣಮಟ್ಟದ ಸೂಚ್ಯಂಕ ಆ ವಾರ ಚೆನ್ನಾಗಿತ್ತು ಎಂಬ ಉತ್ತರ ಬಂತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಂಥ ಉತ್ತರ ಬಂದಾಗ ಜನ ಬಾಯಿ ಮುಚ್ಚಿಬಿಡುತ್ತಾರೆ. ನಮ್ಮ ಸೂಚ್ಯಂಕದಲ್ಲಿ ಲೆಕ್ಕ ಹಾಕುವುದು 8 ವಸ್ತುಗಳನ್ನು. ಎರಡು ಗಾತ್ರದ ಕಣಗಳು, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಝೋನ್, ಅಮೋನಿಯ, ಸೀಸ. 2009ರ ರಾಷ್ಟ್ರೀಯ ಮಾನದಂಡದಲ್ಲಿ 12 ವಸ್ತುಗಳಿವೆ. ಹೈಡ್ರೋಜನ್ ಸಲ್ಫೈಡ್ ಎರಡರಲ್ಲೂ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ವಾಸನೆಯ ಬಗ್ಗೆಯೇ 2008ರಲ್ಲಿ ಒಂದು ಮಾರ್ಗಸೂಚಿ ತಂದಿದೆ. ಹಾಗಾಗಿ ಚೆನ್ನಾಗಿದೆ ಎಂದು ಹಸಿರು ಬಣ್ಣ ತೋರಿಸುವ ಸೂಚ್ಯಂಕ ನಾತ ಇಲ್ಲ ಎಂದು ಹೇಳುವುದಿಲ್ಲ. ಅದು ನಾತವನ್ನು ನೋಡುವುದೇ ಇಲ್ಲ.

ಇಷ್ಟಾಗುವಾಗ ಜನರ ಸಿಟ್ಟು ಮೀನಿನ ಶೆಡ್ಡಿನ ಮೇಲೆ ತಿರುಗಿತ್ತು. ವಾದ ಗಟ್ಟಿಯಾಗಿಯೇ ಇತ್ತು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಆ ಎರಡು ತಿಂಗಳು ಶೆಡ್ ಹೆಚ್ಚುಕಡಿಮೆ ಖಾಲಿ. ಆ ಎರಡು ತಿಂಗಳು ವಾಸನೆಯೂ ಇರಲಿಲ್ಲ. ಹಾಗಾದರೆ ಮೀನೇ ಕಾರಣ. ಅರ್ಜಿ ತಯಾರಾಯಿತು, 43 ಜನ ಸಹಿ ಹಾಕಿದರು. ಅದರಲ್ಲಿ ನನ್ನದೂ ಒಂದು.

ಅಕ್ಕ ಜಗಳಕ್ಕೆ ಬರಲಿಲ್ಲ. ಡಿಸೆಂಬರ್ ಕೊನೆಯ ವಾರದಿಂದ ಮೂರು ವಾರ ಶೆಡ್ ಮುಚ್ಚಿದರು. ಸೀಸನ್ನಿನ ಮೂರು ವಾರ. ಕೆಲಸದ ನಾಲ್ಕು ಜನ ಬೇರೆ ಕಡೆ ಕೂಲಿ ಹುಡುಕಿಕೊಂಡು ಹೋದರು. ನಾಲ್ಕನೇ ದಿನ ಬೆಳಗಿನ ಜಾವ ನಾತ ಬಂತು, ಮೊದಲಿನಷ್ಟೇ ಜೋರಾಗಿ. ಅಷ್ಟಕ್ಕೆ ನಾವು ಎಚ್ಚೆತ್ತುಕೊಳ್ಳಬೇಕಿತ್ತು. "ಮಣ್ಣಿಗೆ ಇಳಿದ ಮೀನಿನ ನೀರು, ಹೋಗಲು ಟೈಂ ಬೇಕು" ಎಂದು ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಬರೆದರು. ಹದಿನೈದು ಜನ ಹೌದು ಎಂದರು.

ಬೆಳ್ಳಿಯ ದೀಪ

ತಿರುವು ಬಂದದ್ದು ಅನಿರೀಕ್ಷಿತ ಕಡೆಯಿಂದ. ನಮ್ಮ ಬೀದಿಯ ಹಿರಿಯ ಅಮ್ಮ ಒಬ್ಬರು ಸಂಕ್ರಾಂತಿಯ ಹೊತ್ತಿಗೆ ನನ್ನನ್ನು ಕರೆದು ದೇವರ ಕೋಣೆಯ ಬೆಳ್ಳಿ ದೀಪ ತೋರಿಸಿದರು. ದೀಪಾವಳಿಗೆ ತಿಕ್ಕಿ ತೊಳೆದಿಟ್ಟದ್ದು. ಈಗ ಅದರ ಒಂದು ಬದಿ ಕಪ್ಪಾಗಿತ್ತು, ಕಾಡಿಗೆ ಸವರಿದ ಹಾಗೆ. ಕಿಟಕಿಯ ಕಡೆಗಿದ್ದ ಬದಿ. ಗೋಡೆಯ ಕಡೆಗಿದ್ದ ಬದಿ ಇನ್ನೂ ಹೊಳೆಯುತ್ತಿತ್ತು. "ವರ್ಷಕ್ಕೊಮ್ಮೆ ತೊಳೆಯುವ ದೀಪ ಇದು. ಇಷ್ಟು ಬೇಗ ಕಪ್ಪಾದದ್ದು ನಾನು ಕಂಡದ್ದೇ ಇಲ್ಲ ಮಗಳೇ" ಎಂದರು. ಆ ಕಿಟಕಿ ಪೂರ್ವಕ್ಕಿತ್ತು.

ಮೀನು ಕೊಳೆತಾಗ ಬರುವ ವಾಸನೆಗೆ ಮುಖ್ಯ ಕಾರಣ ಟ್ರೈಮೀಥೈಲ್ ಅಮೀನ್. ಸಮುದ್ರದ ಮೀನಿನ ಮೈಯಲ್ಲಿ ಇರುವ ಒಂದು ವಸ್ತುವನ್ನು ಬ್ಯಾಕ್ಟೀರಿಯಾ ಒಡೆದಾಗ ಇದು ಹುಟ್ಟುತ್ತದೆ. ಇದು ಕ್ಷಾರ. ಅದಕ್ಕೇ ಮೀನು ಮುಟ್ಟಿದ ಕೈಗೆ ಹುಣಸೆಹುಳಿಯೋ ಲಿಂಬೆಯೋ ತಿಕ್ಕಿದರೆ ವಾಸನೆ ಹೋಗುವುದು. ಇದು ಬೆಳ್ಳಿಯನ್ನು ಕಪ್ಪು ಮಾಡುವುದಿಲ್ಲ. ಬೆಳ್ಳಿಯನ್ನು ಕಪ್ಪು ಮಾಡುವುದು ಗಂಧಕ. ಹೈಡ್ರೋಜನ್ ಸಲ್ಫೈಡ್ ತಾಗಿದರೆ ಬೆಳ್ಳಿಯ ಮೇಲೆ ಕಪ್ಪು ಸಲ್ಫೈಡಿನ ಪೊರೆ ಕಟ್ಟುತ್ತದೆ. ತಾಮ್ರಕ್ಕೂ ಅದೇ ಗತಿ. ಅಪಾರ್ಟ್‌ಮೆಂಟಿನ ಮೂರು ಮನೆಗಳಲ್ಲಿ ಆ ವರ್ಷ ಎಸಿಯ ತಾಮ್ರದ ಕೊಳವೆ ತೂತಾಗಿ ಗ್ಯಾಸ್ ಹೋಗಿತ್ತು. ಉಪ್ಪು ಗಾಳಿ ಎಂದು ಮೆಕ್ಯಾನಿಕ್ ಹೇಳಿದ್ದ. ಎಸಿಯನ್ನು ಕೆಡಿಸಿದ್ದು ಇದೇ ಎಂದು ಸಾಬೀತು ಮಾಡಲು ನನ್ನಲ್ಲಿ ಏನೂ ಇಲ್ಲ. ದೀಪದ ವಿಷಯದಲ್ಲಿ ಮಾತ್ರ ನನಗೆ ಸಂಶಯ ಉಳಿಯಲಿಲ್ಲ.

ಅದೇ ಸಂಜೆ ಅಕ್ಕನ ಮನೆಗೆ ಹೋದೆ. ಸಹಿ ಹಾಕಿದ್ದಕ್ಕೆ ಕ್ಷಮೆ ಕೇಳಿದೆ. ಅವರು ಚಾಪೆ ಹಾಸಿ ಕೂರಿಸಿ ಹೇಳಿದ ಮಾತು ಇಷ್ಟೇ: "ಇದು ಮೀನಿದ್ದು ಅಲ್ಲ ಮೇಡಂ. ನಲ್ವತ್ತು ವರ್ಷ ಮೀನಿನಲ್ಲೇ ಕೈ ಉಂಟು ನನ್ನದು. ಮೀನು ಹಾಳಾದ್ರೆ ಹೇಗೆ ಬರ್ತದೆ ಅಂತ ನನಗೆ ಗೊತ್ತುಂಟಲ್ವಾ. ಯಾರೂ ಕೇಳಲಿಲ್ಲ."

ಯಾರೂ ಕೇಳಿರಲಿಲ್ಲ. ಬಡಾವಣೆಯಲ್ಲಿ ವಾಸನೆ ಗುರುತಿಸುವುದರಲ್ಲಿ ಎಲ್ಲರಿಗಿಂತ ಪಳಗಿದ ಮೂಗು ಅವರದ್ದು. ಮೀನು ಮಾರುವವರು ಎಂಬ ಒಂದೇ ಕಾರಣಕ್ಕೆ ನಾವು ಅವರನ್ನು ಸಾಕ್ಷಿಯ ಬದಲು ಆರೋಪಿ ಮಾಡಿದ್ದೆವು.

ನೋಟ್‌ಬುಕ್

ಜನವರಿ ಕೊನೆಗೆ 11 ಜನ ಸೇರಿ ವಾಸನೆಯ ಡೈರಿ ಶುರು ಮಾಡಿದೆವು. ಅಕ್ಕನೂ ಒಬ್ಬರು. ಅವರನ್ನು ಸೇರಿಸುವುದು ಬೇಡ, ಅವರಿಗೆ ಬೇಕಾದ ಹಾಗೆ ಬರೆದಾರು ಎಂದು ಒಂದಿಬ್ಬರು ಹೇಳಿದರು. ಹಾಗಿದ್ದರೆ ಅರ್ಜಿಗೆ ಸಹಿ ಹಾಕಿದ ನಾವೂ ಬರೆಯಬಾರದು ಎಂದು ನಿವೃತ್ತ ಮಾಸ್ಟ್ರು ಒಬ್ಬರು ಹೇಳಿದ ಮೇಲೆ ಮಾತು ನಿಂತಿತು.

ವಾಸನೆ ಅಳೆಯುವ ದೊಡ್ಡ ವಿಧಾನಗಳಿವೆ. ಯುರೋಪಿನಲ್ಲಿ ಗಾಳಿಯ ಮಾದರಿಯನ್ನು ಚೀಲದಲ್ಲಿ ಹಿಡಿದು, ಶುದ್ಧ ಗಾಳಿ ಬೆರೆಸುತ್ತಾ ತೆಳು ಮಾಡಿ, ಆರಿಸಿದ ಕೆಲವರ ಮೂಗಿಗೆ ಕೊಡುತ್ತಾರೆ. ಅರ್ಧದಷ್ಟು ಜನರಿಗೆ ಮಾತ್ರ ಗೊತ್ತಾಗುವ ಹಂತವನ್ನು ಒಂದು ಘಟಕ ಎಂದು ಲೆಕ್ಕ ಹಿಡಿಯುತ್ತಾರೆ. ನಮಗೆ ಅದು ಎಟಕುವುದಲ್ಲ, ಬೇಕಾಗಿಯೂ ಇರಲಿಲ್ಲ. ಹತ್ತು ರೂಪಾಯಿಯ ನೋಟ್‌ಬುಕ್ ಸಾಕಾಯಿತು. ದಿನ, ಗಂಟೆ, ಎಷ್ಟು ಹೊತ್ತು ಇತ್ತು, ಎಷ್ಟು ಜೋರು (0ಯಿಂದ 5), ಯಾವ ಜಾತಿಯ ವಾಸನೆ (ಮೊಟ್ಟೆ, ಮೀನು, ಹೊಗೆ, ಕಸ, ಬೇರೆ), ಗಾಳಿ ಎಲ್ಲಿಂದ. ಗಾಳಿ ನೋಡಲು ತಾರಸಿಯಲ್ಲಿ ಕೋಲಿಗೆ ತೆಳು ಪ್ಲಾಸ್ಟಿಕ್ಕಿನ ಪಟ್ಟಿ ಕಟ್ಟಿದೆವು. ಗಾಳಿ ತೀರಾ ಕಡಿಮೆ ಇದ್ದಾಗ ಊದುಬತ್ತಿಯ ಹೊಗೆ ಎತ್ತ ವಾಲುತ್ತದೆ ಎಂದು ನೋಡುವುದು.

ಒಂದು ನಿಯಮವನ್ನು ಮಾತ್ರ ಬಿಗಿಯಾಗಿ ಹಿಡಿದೆವು. ವಾಸನೆ ಇಲ್ಲದಾಗಲೂ ಬರೆಯಬೇಕು. ದಿನಕ್ಕೆ ಮೂರು ಹೊತ್ತು, ಸೊನ್ನೆ ಇದ್ದರೆ ಸೊನ್ನೆ. ಬರೀ ನಾತ ಬಂದಾಗ ಬರೆದರೆ ಅದು ದೂರಿನ ಪುಸ್ತಕ ಆಗುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ವಿಷಯ ಎಲ್ಲರಿಗೂ ತಿಳಿಸಿ ಹೇಳಿದೆ. ಮೂಗು ಬೇಗ ಒಗ್ಗಿಬಿಡುತ್ತದೆ. ನಾತದಲ್ಲಿ ಹತ್ತು ನಿಮಿಷ ಕೂತರೆ ಅದು ಕಡಿಮೆ ಆದ ಹಾಗೆ ಅನಿಸುತ್ತದೆ. ಹಾಗಾಗಿ ಬಾಗಿಲು ತೆಗೆದ ಕೂಡಲೇ ಬಂದ ಮೊದಲ ಅನಿಸಿಕೆಯನ್ನೇ ಬರೆಯಬೇಕು.

ಐದು ವಾರ ಬರೆದೆವು. ಎಲ್ಲ ನೋಟ್‌ಬುಕ್ ನಮ್ಮ ಊಟದ ಮೇಜಿನ ಮೇಲೆ ಹರಡಿ ಒಂದು ದೊಡ್ಡ ಹಾಳೆಯಲ್ಲಿ ಗಂಟೆವಾರು ಚುಕ್ಕೆ ಇಟ್ಟಾಗ ಚಿತ್ರ ಕಣ್ಣಿಗೆ ಹೊಡೆಯಿತು. ಜೋರು 4, 5 ಇದ್ದ ಚುಕ್ಕೆಗಳೆಲ್ಲ ಬೆಳಿಗ್ಗೆ ನಾಲ್ಕೂವರೆಯಿಂದ ಆರೂವರೆಯ ಒಳಗೆ. ರಾತ್ರಿ ಒಂಬತ್ತರಿಂದ ಹನ್ನೊಂದರ ತನಕ ಇನ್ನೊಂದು ಸಣ್ಣ ಗುಂಪು. ಎಲ್ಲವೂ ಮೊಟ್ಟೆಯ ಜಾತಿ. ಎಲ್ಲದರಲ್ಲೂ ಗಾಳಿ ಪೂರ್ವದಿಂದ. ಮಧ್ಯಾಹ್ನ ಪಡುವಣ ಗಾಳಿ ಇದ್ದಾಗ ಮೀನಿನ ವಾಸನೆಯ ಕೆಲವು ಚುಕ್ಕೆ ಇತ್ತು. ಜೋರು 1, ಅಪರೂಪಕ್ಕೆ 2.

ಕರಾವಳಿಯಲ್ಲಿ ಬೆಳೆದವರಿಗೆ ಇದು ಹೊಸತಲ್ಲ. ಬಿಸಿಲೇರಿದ ಮೇಲೆ ನೆಲ ಕಾಯುತ್ತದೆ, ಕಡಲಿನ ಕಡೆಯಿಂದ ಗಾಳಿ ಬೀಸುತ್ತದೆ. ರಾತ್ರಿ ನೆಲ ತಣಿದು ಗಾಳಿ ತಿರುಗುತ್ತದೆ, ಪೂರ್ವದಿಂದ ಕಡಲಿನ ಕಡೆಗೆ. ಚಳಿಗಾಲದ ರಾತ್ರಿ ಆಕಾಶ ತಿಳಿಯಾಗಿದ್ದರೆ ತಂಪು ಗಾಳಿ ಭಾರವಾಗಿ ಗುಡ್ಡದಿಂದ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಮೇಲಿನ ಗಾಳಿಯ ಜೊತೆ ಬೆರೆಯುವುದಿಲ್ಲ. ನಮ್ಮ ಬಡಾವಣೆ ಅಂಥ ತಗ್ಗಿನಲ್ಲೇ ಇತ್ತು. ರಾತ್ರಿ ಪಶ್ಚಿಮದ ಶೆಡ್ಡಿನ ವಾಸನೆ ಹೊಳೆಯ ಕಡೆಗೆ ಹೋಗುತ್ತದೆಯೇ ಹೊರತು ನಮ್ಮ ಕಡೆಗೆ ಬರುವುದಿಲ್ಲ.

ಆದರೂ ಜೂನ್, ಜುಲೈಯ ವಾದ ಉಳಿದಿತ್ತು. ಮೀನುಗಾರಿಕೆ ಬಂದ್ ಆದಾಗ ನಾತ ಯಾಕೆ ಇರಲಿಲ್ಲ? ಇದಕ್ಕೆ ಉತ್ತರ ಹುಡುಕಿದ್ದು ಮಾಸ್ಟ್ರು. ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ವಾಸನೆ, ಸ್ಮೆಲ್, ನಾತ ಎಂಬ ಪದಗಳನ್ನು ಹಾಕಿ ಹಿಂದಿನ ಎರಡು ವರ್ಷದ ಮೆಸೇಜುಗಳನ್ನು ತೆಗೆದರು. ದಿನಾಂಕ ಸಮೇತ ಪಟ್ಟಿ ಮಾಡಿದರು. ಆಗಸ್ಟ್ 1ಕ್ಕೆ ಬೋಟುಗಳು ಕಡಲಿಗೆ ಇಳಿಯುತ್ತವೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಶೆಡ್ಡಿನಲ್ಲಿ ಭರ್ಜರಿ ಕೆಲಸ. ಎರಡೂ ವರ್ಷ ಆ ಎರಡು ತಿಂಗಳಲ್ಲಿ ನಾತದ ಬಗ್ಗೆ ಒಂದೇ ಒಂದು ಮೆಸೇಜ್ ಇರಲಿಲ್ಲ. ಮಳೆ ಪೂರ್ತಿ ನಿಂತ ಮೇಲೆ, ನವೆಂಬರಿನಲ್ಲಿ, ಮೆಸೇಜ್ ಶುರು. ನಮ್ಮೂರಲ್ಲಿ ಮೀನುಗಾರಿಕೆಯ ರಜೆಯೂ ಮಳೆಗಾಲವೂ ಒಟ್ಟಿಗೇ ಬರುತ್ತವೆ. ನಾತ ಹೋಗಿದ್ದು ಮಳೆಯಿಂದ. ನಾವು ಅದನ್ನು ರಜೆಯ ಲೆಕ್ಕಕ್ಕೆ ಬರೆದಿದ್ದೆವು.

ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಆ ಒಂದು ಹಾಳೆ. ಯಾವ ಮೀಟರೂ ಇಲ್ಲದೆ, ಹಳೆಯ ಮೆಸೇಜುಗಳಿಂದ, ಮೂರು ವಾರ ಒಬ್ಬರ ಹೊಟ್ಟೆಯ ಮೇಲೆ ಹೊಡೆದ ವಾದ ಬಿದ್ದುಹೋಯಿತು.

ಗುಡ್ಡದ ಮೇಲೆ

ಕಾಲೇಜಿನ ಲ್ಯಾಬಿನಿಂದ ಲೆಡ್ ಅಸಿಟೇಟ್ (ಸೀಸದ ಒಂದು ಲವಣ) ಕಾಗದದ ಪಟ್ಟಿಗಳನ್ನು ತಂದೆ. ಹೈಡ್ರೋಜನ್ ಸಲ್ಫೈಡ್ ತಾಗಿದರೆ ಕಂದು, ಜಾಸ್ತಿ ಆದರೆ ಕಪ್ಪು. ಪಿಯುಸಿ ಮಕ್ಕಳಿಗೂ ಗೊತ್ತಿರುವ ಹಳೆಯ ಪರೀಕ್ಷೆ. ಒದ್ದೆ ಮಾಡಿದ ಪಟ್ಟಿಗಳನ್ನು ಸಂಜೆ ತೋಡಿನ ಉದ್ದಕ್ಕೂ, ಗುಡ್ಡದ ರಸ್ತೆಯ ಉದ್ದಕ್ಕೂ, ಶೆಡ್ಡಿನ ಗೇಟಿಗೂ ಕಟ್ಟಿದೆವು. ಸೀಸ ವಿಷ, ಹಾಗಾಗಿ ಮಕ್ಕಳ ಕೈಗೆ ಎಟಕದಷ್ಟು ಎತ್ತರದಲ್ಲಿ. ಬೆಳಿಗ್ಗೆ ಏಳಕ್ಕೆ ತೆಗೆದಾಗ ಶೆಡ್ಡಿನದ್ದು ಬೆಳ್ಳಗೇ ಇತ್ತು. ನಮ್ಮ ಬೀದಿಯದ್ದು ತಿಳಿ ಕಂದು. ಅಶ್ವತ್ಥ ಕಟ್ಟೆಯ ಹತ್ತಿರದ್ದು ಕಾಫಿ ಪುಡಿಯ ಬಣ್ಣ.

ಮರುದಿನ ನಾಲ್ಕೂ ಮುಕ್ಕಾಲಿಗೆ ಟಾರ್ಚ್ ಹಿಡಿದು ನಾಲ್ವರು ಹತ್ತಿದೆವು. ಕಟ್ಟೆಯಿಂದ ಇಪ್ಪತ್ತು ಹೆಜ್ಜೆ ಆಚೆ, ಗೇರು ಎಲೆಗಳ ಅಡಿಯಲ್ಲಿ, ಒಂದು ಮ್ಯಾನ್‌ಹೋಲ್. ಒಳಗಿನಿಂದ ನೀರು ಧುಮುಕುವ ಶಬ್ದ. ಮುಚ್ಚಳದ ಸುತ್ತಲಿನ ಕಾಂಕ್ರೀಟನ್ನು ಬೂಟಿನ ತುದಿಯಿಂದ ಒತ್ತಿದರೆ ನೆನೆಸಿದ ಅವಲಕ್ಕಿಯ ಹಾಗೆ ಮೆತ್ತಗೆ ಒಳಗೆ ಹೋಯಿತು. ಬಿಳಿ ಹಿಟ್ಟು ಹಿಟ್ಟಾಗಿತ್ತು. ಜಲ್ಲಿ ಕಲ್ಲುಗಳು ಹಲ್ಲಿನ ಹಾಗೆ ಹೊರಗೆ ಬಂದಿದ್ದವು. ಹೈಡ್ರೋಜನ್ ಸಲ್ಫೈಡನ್ನು ಒಂದು ಜಾತಿಯ ಬ್ಯಾಕ್ಟೀರಿಯಾ ಸಲ್ಫ್ಯೂರಿಕ್ ಆಸಿಡ್ ಮಾಡುತ್ತದೆ. ಆ ಆಸಿಡ್ ಕಾಂಕ್ರೀಟನ್ನು ತಿನ್ನುತ್ತದೆ. ವರ್ಷಗಟ್ಟಲೆ ನಡೆದ ಕೆಲಸ ಅದು.

ಜೊತೆಗಿದ್ದ ಹುಡುಗನೊಬ್ಬ ಮುಚ್ಚಳ ಎತ್ತಿ ಮೊಬೈಲಿನಲ್ಲಿ ಫೋಟೋ ತೆಗೆಯಲು ಬಾಗಿದ. ಅವನ ಅಂಗಿ ಹಿಡಿದು ಎಳೆದೆ. ಇದನ್ನು ಒತ್ತಿ ಹೇಳುತ್ತೇನೆ. ಯಾರೂ ಹಾಗೆ ಮಾಡಬೇಡಿ. ಗಾಳಿಯಲ್ಲಿ ಈ ಅನಿಲ ಸುಮಾರು 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು) ದಾಟಿದರೆ ಮೂಗಿನ ಶಕ್ತಿಯೇ ಹೋಗುತ್ತದೆ. ವಾಸನೆ ನಿಂತಿತು, ಅಪಾಯ ಇಲ್ಲ ಅನಿಸುತ್ತದೆ. ಅದಕ್ಕಿಂತ ಎಷ್ಟೋ ಪಟ್ಟು ಮೇಲೆ ಹೋದರೆ ಕೆಲವೇ ಉಸಿರಿನಲ್ಲಿ ಮನುಷ್ಯ ಬೀಳುತ್ತಾನೆ. ಮ್ಯಾನ್‌ಹೋಲಿಗೆ ಇಳಿದ ಕಾರ್ಮಿಕರು, ಅವರನ್ನು ಎತ್ತಲು ಇಳಿದವರು, ಒಬ್ಬರ ಹಿಂದೆ ಒಬ್ಬರು ಸಾಯುವುದು ಹೀಗೆ. ರಕ್ಷಣೆಯ ಸಲಕರಣೆ ಇಲ್ಲದೆ ಯಾರನ್ನೂ ಒಳಗೆ ಇಳಿಸಬಾರದು ಎಂದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಹೇಳುತ್ತದೆ. ನಾವು ಹತ್ತು ಹೆಜ್ಜೆ ದೂರ ನಿಂತು, ಗಂಟೆ ಬರೆದುಕೊಂಡು ಕೆಳಗೆ ಬಂದೆವು.

ಕಾರಣ

ಈ ಸಲ ಕಚೇರಿಗೆ ಅರ್ಜಿಯ ಬದಲು ಚುಕ್ಕೆಗಳ ಹಾಳೆ, ಕಾಗದದ ಪಟ್ಟಿಗಳು, ಮೆಸೇಜುಗಳ ಪಟ್ಟಿ ತೆಗೆದುಕೊಂಡು ಹೋದೆವು. ಊರಿನ ಚರಂಡಿಯ ನಾತ ತೆಗೆಯುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ, ಹಣ ಇಲ್ಲ ಎಂದು ನುಣುಚಿಕೊಳ್ಳುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ರತ್ಲಾಂ ಪ್ರಕರಣದಲ್ಲಿ ಹೇಳಿದೆ. ಮಾಸ್ಟ್ರು ಆ ತೀರ್ಪಿನ ಪ್ರತಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಹೊರಗೆ ತೆಗೆಯುವ ಅಗತ್ಯ ಬೀಳಲಿಲ್ಲ. ಅಲ್ಲಿಗೆ ಹೊಸದಾಗಿ ಬಂದ ಎಂಜಿನಿಯರ್ ಹಾಳೆಯನ್ನು ತುಂಬ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿದರು: "ನಾಳೆ ನಾಲ್ಕೂವರೆಗೆ ಬಂದರೆ ಸಿಗ್ತದಾ?"

ಬಂದರು. ಸೊಂಟಕ್ಕೆ ಗ್ಯಾಸ್ ಅಲಾರಂ ಕಟ್ಟಿಕೊಂಡಿದ್ದರು, 10 ಪಿಪಿಎಂ ದಾಟಿದರೆ ಕೂಗುವಂಥದ್ದು. ಮುಚ್ಚಳದ ಹತ್ತಿರ ಹೋಗುವಾಗಲೇ ಕೂಗಿತು.

ಗುಡ್ಡದ ಆಚೆ ಬದಿಯಲ್ಲಿ, ಒಂದು ಕಿಲೋಮೀಟರಿಗಿಂತ ದೂರದಲ್ಲಿ, ಒಂದು ವೆಟ್‌ವೆಲ್ ಇದೆ. ಆ ಕಡೆಯ ಮನೆ, ಹೋಟೆಲುಗಳ ಕೊಳಕು ನೀರು ಅಲ್ಲಿ ಸೇರಿ, ಪಂಪಿನ ಒತ್ತಡದಲ್ಲಿ ಪೈಪಿನಲ್ಲಿ ಗುಡ್ಡ ಹತ್ತಿ, ಈ ಮ್ಯಾನ್‌ಹೋಲಿಗೆ ಬಂದು ಬೀಳುತ್ತದೆ. ಅಲ್ಲಿಂದ ಮುಂದೆ ಇಳಿಜಾರಿನಲ್ಲಿ ತಾನಾಗಿ ಹರಿಯುತ್ತದೆ. ಪಂಪ್‌ಹೌಸಿನ ಪಕ್ಕದ ಮನೆಯವರು ರಾತ್ರಿ ಮೋಟಾರಿನ ಶಬ್ದದ ಬಗ್ಗೆ ದೂರು ಕೊಟ್ಟಿದ್ದರು. ಹಾಗಾಗಿ ಆಪರೇಟರ್ ರಾತ್ರಿ ಹನ್ನೊಂದಕ್ಕೆ ಪಂಪ್ ನಿಲ್ಲಿಸಿ ನಾಲ್ಕೂವರೆಗೆ ಹಾಕುತ್ತಿದ್ದರು. ಐದೂವರೆ ಗಂಟೆ ಕೊಳಕು ನೀರು ಪೈಪಿನಲ್ಲಿ ಅಲ್ಲಾಡದೆ ನಿಲ್ಲುತ್ತಿತ್ತು. ನಿಂತ ನೀರಿನಲ್ಲಿದ್ದ ಆಮ್ಲಜನಕ ಬೇಗ ಮುಗಿಯುತ್ತದೆ. ಆಮೇಲೆ ಪೈಪಿನ ಒಳಗೋಡೆಯ ಲೋಳೆಯಲ್ಲಿರುವ ಬ್ಯಾಕ್ಟೀರಿಯಾ ನೀರಿನ ಸಲ್ಫೇಟನ್ನು ಬಳಸಿಕೊಂಡು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ನಮ್ಮ ಸೆಖೆ ಅವಕ್ಕೆ ಅನುಕೂಲ. ಕರಾವಳಿಯಲ್ಲಿ ಇನ್ನೊಂದು ಅನುಕೂಲವೂ ಉಂಟು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಬೇಸಿಗೆಯಲ್ಲಿ ಹೊಳೆಯ ಬಾಯಿಯಿಂದ ಉಪ್ಪುನೀರು ಮೇಲೆ ಬಂದು, ಹಳೆಯ ಪೈಪುಗಳ ಬಿರುಕಿನಿಂದ ಚರಂಡಿಗೆ ಸೇರಿದರೆ ಆ ಬ್ಯಾಕ್ಟೀರಿಯಾಕ್ಕೆ ಹಬ್ಬ.

ನಾಲ್ಕೂವರೆಗೆ ಪಂಪ್ ಹಾಕಿದ ಕೂಡಲೇ ರಾತ್ರಿಯೆಲ್ಲ ಕೊಳೆತ ನೀರು ಒಂದೇ ಸಲ ಬಂದು ಮ್ಯಾನ್‌ಹೋಲಿನಲ್ಲಿ ಧುಮುಕುತ್ತಿತ್ತು. ಸೋಡಾ ಬಾಟಲಿ ಅಲುಗಾಡಿಸಿದ ಹಾಗೆ ಅನಿಲ ಎದ್ದು ಬರುತ್ತಿತ್ತು. ತಂಪು ಗಾಳಿ ಅದನ್ನು ಗುಡ್ಡದಿಂದ ನೇರ ನಮ್ಮ ಕಿಟಕಿಗಳಿಗೆ ಇಳಿಸುತ್ತಿತ್ತು. ಹಗಲಲ್ಲೂ ಅನಿಲ ಬರುತ್ತಿತ್ತು, ಕಡಿಮೆ. ಆಗ ಕಡಲಿನ ಗಾಳಿ ಅದನ್ನು ಆಚೆ ಕಡೆಗೆ ಒಯ್ದು ಚೆದುರಿಸುತ್ತಿತ್ತು. ಮಳೆಗಾಲದಲ್ಲಿ ಮಳೆನೀರು ಸೇರಿ ಚರಂಡಿ ತೆಳುವಾಗಿ, ವೇಗವಾಗಿ ಹರಿಯುತ್ತದೆ. ರಾತ್ರಿಯೂ ಪಂಪ್ ನಿಲ್ಲಿಸಲು ಆಗುವುದಿಲ್ಲ. ಹಾಗಾಗಿ ನಾತ ಇಲ್ಲ.

ಸರಿ ಮಾಡಿದ್ದು, ಒಮ್ಮೆ ಎಡವಿದ್ದು

ಮೊದಲು ಮಾಡಿದ್ದು ಅವಸರದ ಕೆಲಸ. ನಮ್ಮ ಒತ್ತಾಯಕ್ಕೆ ಕಚೇರಿಯವರು ಮುಚ್ಚಳವನ್ನು ಸಿಮೆಂಟ್ ಹಾಕಿ ಮುಚ್ಚಿದರು. ಎರಡು ದಿನ ಖುಷಿ. ಮೂರನೇ ದಿನ ಕೆಳಗಿನ ಐದಾರು ಮನೆಗಳ ಬಾತ್‌ರೂಮಿನ ನೆಲದ ಜಾಲರಿಯಿಂದ ಅದೇ ನಾತ ಬಂತು. ಹೊರಗೆ ಹೋಗಲು ದಾರಿ ಇಲ್ಲದ ಅನಿಲ, ಟ್ರ್ಯಾಪಿನಲ್ಲಿ (ನೀರು ನಿಂತು ವಾಸನೆ ತಡೆಯುವ ಬಾಗಿದ ಕೊಳವೆಯಲ್ಲಿ) ನೀರು ಒಣಗಿದ್ದ ಕಡೆಯಿಂದ ಮನೆಯೊಳಗೇ ನುಗ್ಗಿತ್ತು. ಹೊರಗಿನ ನಾತಕ್ಕಿಂತ ಇದು ಅಪಾಯ. ಅದೇ ದಿನ ಸಿಮೆಂಟ್ ಒಡೆಸಿದೆವು. ಒತ್ತಾಯ ಮಾಡಿದವರಲ್ಲಿ ನಾನೂ ಇದ್ದೆ. ಅನಿಲ ಹುಟ್ಟುವುದನ್ನು ಕಡಿಮೆ ಮಾಡದೆ ಬಾಯಿ ಮುಚ್ಚಿದರೆ ಹೀಗೆ ಆಗುತ್ತದೆ ಎಂದು ಕೆಮಿಸ್ಟ್ರಿ ಓದಿದ ನಾನು ಮೊದಲೇ ಹೇಳಬೇಕಿತ್ತು.

ಆಮೇಲೆ ಎಂಜಿನಿಯರ್ ಬೇರೆ ದಾರಿ ಹಿಡಿದರು. ರಾತ್ರಿಯೂ ಗಂಟೆಗೊಮ್ಮೆ ಸ್ವಲ್ಪ ಹೊತ್ತು ಪಂಪ್ ಓಡಿಸುವುದು, ನೀರು ನಿಲ್ಲಲು ಬಿಡದಿರುವುದು. ಇದಕ್ಕೆ ಖರ್ಚು ಹೆಚ್ಚುಕಡಿಮೆ ಏನೂ ಇಲ್ಲ. ತಡೆ ಬಂದದ್ದು ಪಂಪ್‌ಹೌಸಿನ ಪಕ್ಕದ ಮನೆಯವರಿಂದ, ಮತ್ತು ಅದು ನ್ಯಾಯವೇ. ನಮ್ಮ ನಿದ್ದೆಗಾಗಿ ಅವರ ನಿದ್ದೆ ಕೆಡಿಸುವುದು ಹೇಗೆ? ನಾವು ಮೂರು ಜನ ಅವರ ಮನೆಗೆ ಹೋಗಿ ಕೂತು ಮಾತಾಡಿದೆವು. ಮೋಟಾರಿನ ಅಡಿಗೆ ರಬ್ಬರ್ ಪ್ಯಾಡ್, ಪಂಪ್‌ಹೌಸಿಗೆ ದಪ್ಪ ಬಾಗಿಲು ಹಾಕಿದ ಮೇಲೆ ಒಪ್ಪಿದರು. ಇಷ್ಟಕ್ಕೇ ಒಂದೂವರೆ ತಿಂಗಳು ಹೋಯಿತು.

ಪಂಪಿನ ಗಂಟೆ ಬದಲಾದ ವಾರವೇ ಡೈರಿಯಲ್ಲಿ 4, 5 ಕಡಿಮೆಯಾಗಿ 2, 3 ಆಯಿತು. ನಂತರ ಮ್ಯಾನ್‌ಹೋಲಿನ ಒಳಗೆ ನೀರು ಧುಮುಕದೆ ಜಾರಿ ಇಳಿಯುವ ಹಾಗೆ ಪೈಪನ್ನು ತಳದವರೆಗೆ ಇಳಿಸಿದರು. ಕೊನೆಗೆ ಮುಚ್ಚಳವನ್ನು ಬಿಗಿ ಮಾಡಿ, ಅನಿಲ ಹೊರಗೆ ಹೋಗಲು ಒಂದು ಪೈಪ್ ಕೊಟ್ಟು, ಅದನ್ನು ತೆಂಗಿನ ನಾರು ಮತ್ತು ಕಾಂಪೋಸ್ಟ್ ತುಂಬಿದ ಡ್ರಮ್ಮಿನ ಮೂಲಕ ಹಾಯಿಸಿದರು. ನಾರು ಒದ್ದೆಯಾಗಿದ್ದರೆ ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಅನಿಲವನ್ನು ತಿಂದು ಮುಗಿಸುತ್ತವೆ. ಮೊದಲ ಮಳೆಗೆ ಡ್ರಮ್ಮಿನಲ್ಲಿ ನೀರು ತುಂಬಿ ಕೆಟ್ಟಿತು. ಮೇಲೆ ತಗಡಿನ ಮಾಡು ಹಾಕಿದ ಮೇಲೆ ಸರಿಯಾಯಿತು. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ನೀರು ಹಾಕಬೇಕು. ಆ ಕೆಲಸ ಬಡಾವಣೆಯವರೇ ಸರದಿಯಲ್ಲಿ ಮಾಡುತ್ತಾರೆ.

ಅಕ್ಕನ ಶೆಡ್ಡಿನ ಮಧ್ಯಾಹ್ನದ ಮೀನಿನ ವಾಸನೆಯೂ ಸುಳ್ಳಲ್ಲ. ಕ್ರೇಟ್ ತೊಳೆದ ನೀರು ತೋಡಿಗೆ ಹೋಗುತ್ತಿತ್ತು. ಅದಕ್ಕೊಂದು ಇಂಗುಗುಂಡಿ, ಕರುಳು ತುಂಬಿಡಲು ಮುಚ್ಚಳ ಇರುವ ಡ್ರಮ್ ಮಾಡಿದರು. ಖರ್ಚನ್ನು ಸಹಿ ಹಾಕಿದ 43 ಜನರಲ್ಲಿ 31 ಜನ ಹಂಚಿಕೊಂಡರು. ಮೂರು ವಾರದ ನಷ್ಟ ತುಂಬಿಕೊಡುವ ಮಾತೂ ಬಂತು. ಅಕ್ಕ ತೆಗೆದುಕೊಳ್ಳಲಿಲ್ಲ. ಕೆಲಸದ ನಾಲ್ವರ ಕೂಲಿ ಕೊಟ್ಟರೆ ಸಾಕು ಎಂದರು. ಕೊಟ್ಟೆವು.

ಈಗ

ಎರಡನೇ ಚಳಿಗಾಲ ಕಳೆಯಿತು. ನಾತ ಪೂರ್ತಿ ಹೋಗಿಲ್ಲ. ಕರೆಂಟ್ ಹೋದ ರಾತ್ರಿ, ಮೋಟಾರ್ ಕೆಟ್ಟ ರಾತ್ರಿ ಬರುತ್ತದೆ. ಆದರೆ ಜನ ಕಿಟಕಿ ತೆಗೆದು ಮಲಗುತ್ತಿದ್ದಾರೆ. ತಿಂದುಹೋದ ಕಾಂಕ್ರೀಟಿನ ಬದಲು ಹೊಸ ಚೇಂಬರ್ ಕಟ್ಟುವ ಕೆಲಸ ಇನ್ನೂ ಆಗಿಲ್ಲ. ನಮ್ಮ ಪಟ್ಟಿಯಲ್ಲಿ ಈಗ ಮೊದಲ ಸಾಲಿನಲ್ಲಿ ಇರುವುದು ಅದೇ.

ಹನ್ನೊಂದು ನೋಟ್‌ಬುಕ್ಕುಗಳಲ್ಲಿ ಹತ್ತು ನಿಂತಿವೆ. ಒಂದು ಮಾತ್ರ ಶೆಡ್ಡಿನ ತಕ್ಕಡಿಯ ಪಕ್ಕದ ಮೊಳೆಗೆ ತೂಗಿಕೊಂಡಿದೆ, ಪೆನ್ನಿಗೆ ದಾರ ಕಟ್ಟಿ. ದಕ್ಕೆಗೆ ಹೋಗಲು ಅಕ್ಕ ನಾಲ್ಕಕ್ಕೇ ಏಳುತ್ತಾರೆ. ಕಳೆದ ಜನವರಿಯ ಒಂದು ದಿನ ಐದಕ್ಕೆ ಅವರ ಫೋನ್ ಬಂತು. "ಮೇಡಂ, ಮೂರು ಉಂಟು ಇವತ್ತು. ಪಂಪ್ ಹೋಗಿದೆ ಅಂತ ಕಾಣ್ತದೆ." ಎಂಜಿನಿಯರಿಗೆ ಹೇಳಿದೆ. ಅವರು ಆಪರೇಟರಿಗೆ ಫೋನ್ ಮಾಡಿದರು. ರಾತ್ರಿ ಎರಡೂವರೆಗೆ ಫ್ಯೂಸ್ ಹಾರಿತ್ತು, ಯಾರೂ ನೋಡಿರಲಿಲ್ಲ. ಆರಕ್ಕೆ ಪಂಪ್ ಮತ್ತೆ ಶುರುವಾಯಿತು. ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲು ಹೀಗಿದೆ: 5 ಗಂಟೆ, 3, ಮೊಟ್ಟೆ, ಮೂಡುಗಾಳಿ. ಅದರ ಕೆಳಗೆ: 7 ಗಂಟೆ, 0.